ಒಂದೂವರೆಗೇ ಬರೆದಿಟ್ಟ ಎರಡು ಗಂಟೆಯ ರೀಡಿಂಗ್

ಔಷಧಿ ಗೋದಾಮಿನ ಕೋಲ್ಡ್ ರೂಮಿನಲ್ಲಿ ನನಗೆ ನೈಟ್ ಶಿಫ್ಟ್. ಒಳಗಿರುವ ಲಸಿಕೆ, ಇನ್ಸುಲಿನ್ ಎಲ್ಲ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿತೋ ಮುಗೀತು, ಕರಗಿದ ಮೇಲೂ ಬಳಸುವಂತಿಲ್ಲ. ಎರಡು ಗಂಟೆಗೊಮ್ಮೆ ಒಳಗೆ ಹೋಗಿ, ಥರ್ಮಾಮೀಟರ್ ನೋಡಿ, ರಿಜಿಸ್ಟರಿನಲ್ಲಿ ಬರೆಯಬೇಕು. ಅಷ್ಟೇ ಕೆಲಸ. ಆದರೆ ಪ್ರತಿ ಸಲ ಜಾಕೆಟ್ ಹಾಕು, ತೆಗೆ, ಯಾರಿಗೆ ಬೇಕು ಅಂತ ಕೂತಲ್ಲೇ ಬರೆದುಬಿಡುತ್ತಿದ್ದೆ. 4.1, 3.9, 4.3. ಎಲ್ಲ ಕಡೆ ಒಂದೇ ಅಂಕಿ ಇದ್ದರೆ ಅನುಮಾನ ಬರುತ್ತೆ ಅಂತ ಸ್ವಲ್ಪ ಹೆಚ್ಚುಕಡಿಮೆ ಮಾಡುವಷ್ಟು ಜಾಣತನವೂ ಇತ್ತು.

ಹೀಗೆ ಉಳಿಸಿದ ಸಮಯದಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತಾ? ಬೈಬಲ್ ಓದುತ್ತಿದ್ದೆ. ಟೇಬಲ್ಲಿನ ಈ ಕಡೆ ಕೀರ್ತನೆಗಳು, ಆ ಕಡೆ ಸುಳ್ಳು ರಿಜಿಸ್ಟರ್. ಎಷ್ಟೋ ತಿಂಗಳು ಎರಡೂ ಪಕ್ಕಪಕ್ಕದಲ್ಲೇ ಇದ್ದವು, ನನಗೆ ಏನೂ ಅನ್ನಿಸಿರಲಿಲ್ಲ.

ಹೊಸದಾಗಿ ಸೇರಿದ ಹುಡುಗ ಒಂದು ರಾತ್ರಿ ಕೇಳಿದ. "ಅಣ್ಣಾ, ಈಗಿನ್ನೂ ಒಂದೂವರೆ. ಎರಡು ಗಂಟೇದು ಆಗಲೇ ಬರೆದಿದ್ದೀರಲ್ಲ?" ಚುಚ್ಚೋಕೆ ಕೇಳಿದ್ದಲ್ಲ, ಪಾಪ, ಅರ್ಥವಾಗದೆ ಕೇಳಿದ್ದು. ನಾನು ರೇಗಿಬಿಟ್ಟೆ. "ಮೊದಲು ಕೆಲಸ ಕಲಿ" ಅಂದೆ.

ಅದೇ ವಾರ ಲೂಕನ ಸುವಾರ್ತೆಯ 3ನೇ ಅಧ್ಯಾಯ ಓದುತ್ತಿದ್ದೆ. ನಾವೇನು ಮಾಡಬೇಕು ಅಂತ ಜನ ಸ್ನಾನಿಕನಾದ ಯೋಹಾನನನ್ನು ಕೇಳುತ್ತಾರೆ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ ಅಂತ ಅವನು ಅಲ್ಲಿ ಹೇಳುವುದಿಲ್ಲ, ಕೆಲಸ ಬಿಟ್ಟು ಬನ್ನಿ ಅಂತಲೂ ಇಲ್ಲ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಬರುವ ಸಂಬಳ ಸಾಕು ಅಂದುಕೊಳ್ಳಿ ಅನ್ನುತ್ತಾನೆ. ಯಾರ ಕೆಲಸದಲ್ಲಿ ಯಾವ ಕಳ್ಳಾಟವೋ ಅದರ ಮೇಲೇ ಬೆರಳಿಡುತ್ತಾನೆ. ಆ ಗುಂಪಿನಲ್ಲಿ ಕೋಲ್ಡ್ ರೂಮಿನವನೊಬ್ಬ ನಿಂತಿದ್ದರೆ ಏನು ಹೇಳುತ್ತಿದ್ದ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎದ್ದು ಹೋಗಿ ನೋಡೋಕೆ ಶುರು ಮಾಡಿದೆ. ಸುಮ್ನೆ ಹೇಳ್ತಿಲ್ಲ, ಮೊದಮೊದಲು ಬರೀ ಬೇಜಾರು.

ಮೂರನೇ ವಾರ ಒಂದು ರಾತ್ರಿ 9.4 ತೋರಿಸಿತು. ಹಳೇ ಚಾಳಿ, ಕೈ 7 ಅಂತ ಬರೆಯೋಕೆ ಹೊರಟೇಬಿಟ್ಟಿತ್ತು. 9.4 ಅಂತಲೇ ಬರೆದು ಸೂಪರ್‌ವೈಸರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೇ ಬೈದರು. ಅಲ್ಲಿದ್ದ ಸ್ಟಾಕನ್ನೆಲ್ಲ ಬೇರೆ ತೆಗೆದಿಟ್ಟೆವು. ಬೆಳಿಗ್ಗೆ ನೋಡಿದರೆ ಬಾಗಿಲಿನ ರಬ್ಬರ್ ಸವೆದಿತ್ತು. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದರು. ಅದಕ್ಕೆ ಉತ್ತರ ನನ್ನ ಹಳೇ ಪುಟಗಳಲ್ಲಿ ಇರಬೇಕಿತ್ತು ಅಲ್ವಾ? ಅಲ್ಲಿದ್ದದ್ದು 4.1, 3.9.

ಅದೇ ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಅಂತ ಒಬ್ಬ ಸುಂಕದವನು ಬರುತ್ತಾನೆ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ಯೇಸುವಿಗೆ ಹೇಳಿದವನು. ಅವನದು ದುಡ್ಡು, ಕೊಡಬಹುದು. ನೋಡದೇ ಇದ್ದ ರೀಡಿಂಗ್ ನಾನು ಎಲ್ಲಿಂದ ತರಲಿ? ನಾಲ್ಕು ದಿನ ಹಿಂದೆಮುಂದೆ ನೋಡಿ ಕೊನೆಗೆ ಮ್ಯಾನೇಜರ್ ಹತ್ತಿರ ಎಲ್ಲ ಹೇಳಿದೆ. ಮೆಮೋ ಕೊಟ್ಟರು. ಕೊಡಲೇಬೇಕಿತ್ತು.

ಅದಕ್ಕಿಂತ ಕಷ್ಟವಾದದ್ದು ಆ ಹುಡುಗನ ಮುಂದೆ ನಿಂತು "ಅವತ್ತು ತಪ್ಪು ನಂದೇ ಕಣೋ" ಅನ್ನೋದು. "ಬಿಡಿ ಅಣ್ಣಾ" ಅಂದು, ಜಾಕೆಟ್ ಹಾಕಿಕೊಂಡು ಒಳಗೆ ಹೋದ. ಬಂದವನು ರಿಜಿಸ್ಟರಿನಲ್ಲಿ ಎರಡು ಗಂಟೆ ಅಂತ ಬರೆಯಲಿಲ್ಲ, 2:07 ಅಂತ ಬರೆದ. ಈಗ ನಾನೂ ನಿಮಿಷ ಸಮೇತ ಬರೆಯುತ್ತೇನೆ.