ಬಿಳಿ ಎನಾಮಲ್ ಉಂಗುರ

ಇವತ್ತು ಲಂಡನ್ನಿನ ಒಂದು ಆನ್‌ಲೈನ್ ಹರಾಜಿನಲ್ಲಿ ಉಂಗುರ ಕೈತಪ್ಪಿತು. ಕೊನೇ ಗಳಿಗೆಯಲ್ಲಿ ಯಾರೋ 20 ಪೌಂಡ್ ಜಾಸ್ತಿ ಕೂಗಿಬಿಟ್ಟರು.

18ನೇ ಶತಮಾನದ ಇಂಗ್ಲೆಂಡಿನದು. ಸತ್ತವರ ನೆನಪಿಗೆ ಹತ್ತಿರದವರಿಗೆ ಹಂಚುತ್ತಿದ್ದ ಉಂಗುರ. ಅದಕ್ಕೆ ಅಂತಲೇ ಉಯಿಲಿನಲ್ಲಿ ದುಡ್ಡು ಬರೆದಿಡುತ್ತಿದ್ದವರೂ ಇದ್ದರು! ಉಂಗುರದ ಮೇಲೆ ಹೆಸರು, ತೀರಿಕೊಂಡ ದಿನ, ವಯಸ್ಸು. ಸಾಮಾನ್ಯವಾಗಿ ಕಪ್ಪು ಎನಾಮಲ್, ಅಂದರೆ ಲೋಹದ ಮೇಲೆ ಕೂರಿಸಿದ ಗಾಜಿನಂಥ ಬಣ್ಣದ ಲೇಪ. ತೀರಿಕೊಂಡವರು ಮದುವೆಯಾಗದವರೋ ಮಕ್ಕಳೋ ಆಗಿದ್ದರೆ ಬಿಳಿ.

ಇದು ಬಿಳಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಹೆಸರು ಅರ್ಧ ಸವೆದಿದೆ. ಅಂಕಿ ಮಾತ್ರ ಸ್ಪಷ್ಟ. ವಯಸ್ಸು 4.

ಅಷ್ಟು ಸವೆಯಬೇಕಾದರೆ ಯಾರೋ ವರ್ಷಗಟ್ಟಲೆ ಬೆರಳಿನಿಂದ ತೆಗೆದೇ ಇಲ್ಲ, ಅಲ್ವಾ? ಅಮ್ಮ ಇರಬಹುದು. ಅಪ್ಪನೂ ಇರಬಹುದು.

ಹರಾಜಿನವರು ಮಾತ್ರ 'ಸವೆತ ಇದೆ' ಅಂತ ಅದನ್ನು ದೋಷಕ್ಕೆ ಸೇರಿಸಿದ್ದರು. ಸಿಕ್ಕಿದ್ದರೂ ಹಾಕಿಕೊಳ್ಳುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.