ಬೆಳಕ ಭಾಳ ಐತಿ, ಬಣ್ಣಾನ ಇಲ್ಲ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಬೆಳಕೇನೋ ಭಾಳ ಐತಿ ತಮ್ಮಾ, ಬಣ್ಣಾನ ಇಲ್ಲ."

ಹೇಳಿದ್ದು ಬೆಟಗೇರಿಯ ನೇಕಾರ ಅಜ್ಜಿ. ಹದಿನೈದು ದಿನದ ಹಿಂದೆ ಅವರ ಮಗ್ಗದ ಕೋಣೆಗೆ ಎರಡು ಎಲ್‌ಇಡಿ ಟ್ಯೂಬ್ ಹಾಕಿ ಬಂದಿದ್ದೆ. ಕರೆಸಿದ್ದು ಮಗ. ಅವನದು ಎರಡೇ ಪ್ರಶ್ನೆ: ಎಷ್ಟು ವ್ಯಾಟ್, ಎಷ್ಟು ರೊಕ್ಕ. ನಾನೂ ಲೆಕ್ಕ ಒಪ್ಪಿಸಿದೆ. ಹಳೇ ಹಳದಿ ಬಲ್ಬು 100 ವ್ಯಾಟ್, ಇದು 20. ದಿನಾ 10 ತಾಸು ಉರಿದರೆ ಎರಡಕ್ಕೂ ಸೇರಿ ತಿಂಗಳಿಗೆ 48 ಯೂನಿಟ್ ಉಳಿತಾಯ. ಮಗ ಖುಷ್. ಅಲ್ಲಿ ದಿನವಿಡೀ ಕೂರುವ ಅಜ್ಜಿಯನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ.

ಮಂಗಳವಾರ ಅಜ್ಜಿ ಕೆಂಪು ನೂಲಿನ ಎರಡು ಲಡಿ ತಂದು ಟ್ಯೂಬಿನ ಕೆಳಗೆ ಹಿಡಿದರು. ನನಗೆ ಎರಡೂ ಒಂದೇ. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದೊಯ್ದರು. ಬಿಸಿಲಲ್ಲಿ ಒಂದು ಕುಂಕುಮದ ಕಡೆ ವಾಲಿತ್ತು, ಇನ್ನೊಂದು ದಾಳಿಂಬೆ ಕಾಳಿನ ಕಡೆ. ರಾತ್ರಿ ಎರಡನ್ನೂ ಒಂದೇ ಸೆರಗಿಗೆ ನೇಯ್ದುಬಿಟ್ಟಿದ್ದರು. ಬೈಯಲಿಲ್ಲ. ಆ ಮಾತಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಡಬ್ಬಿಯ ಮೇಲೆ ಸಿಆರ್‌ಐ ಅಂತ ಸಣ್ಣದಾಗಿ ಬರೆದಿರುತ್ತದೆ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ ಅದು. ಹಳೇ ಹಳದಿ ಬಲ್ಬಿಗೆ ನೂರಕ್ಕೆ ಹತ್ತಿರ ಹತ್ತಿರ ನೂರು. ನಾನು ಹಾಕಿದ್ದಕ್ಕೆ 80. ಓದಲಿಕ್ಕೆ, ಅಡುಗೆಗೆ ಸಾಕು. ಆದರೆ ಅಗ್ಗದ ಎಲ್‌ಇಡಿ ಸೋಲುವುದೇ ಗಾಢ ಕೆಂಪಿನಲ್ಲಿ, ಆ ಅಂಕದ ಲೆಕ್ಕಕ್ಕೆ ಗಾಢ ಕೆಂಪನ್ನು ಹಿಡಿಯುವುದೇ ಇಲ್ಲ! ಮೇಲಿಂದ 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೇರೆ. "ಹಾಲಿನಂಥ ಬೆಳಕರಿ" ಅಂತ ನಾನೇ ಹೊಗಳಿದ್ದೆ.

ನನ್ನ ಹೆಂಡತಿ ಸೀರೆ ಕೊಳ್ಳುವಾಗ ಅಂಗಡಿಯ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾಳೆ. ಎಷ್ಟು ಸಲ ನಕ್ಕಿಲ್ಲ ನಾನು! ಅಂಗಡಿಯೊಳಗಿನ ಲೈಟು ಹಾಕಿದವನೂ ನನ್ನಂಥವನೇ ಇರಬೇಕು. ಮನೆಯವರು ಲೈಟು ಕೇಳಿದರೆ ಕೋಣೆಯ ಅಳತೆ ಕೇಳುತ್ತೇವೆ, ಬಜೆಟ್ ಕೇಳುತ್ತೇವೆ. ಅದರ ಕೆಳಗೆ ಕೂತು ಏನು ಮಾಡುತ್ತೀರಿ ಅಂತ ಕೇಳಿದ ನೆನಪು ನನಗಂತೂ ಇಲ್ಲ. ಕಲಿತದ್ದು ವ್ಯಾಟು, ಮಾರಿದ್ದೂ ವ್ಯಾಟು.

ಹುಬ್ಬಳ್ಳಿಯಿಂದ ಅಷ್ಟು ನೀಲಿಯಿಲ್ಲದ 4000 ಕೆಲ್ವಿನ್, ಸಿಆರ್‌ಐ 90ರ ಟ್ಯೂಬ್ ತರಿಸಿ ನಿನ್ನೆ ಹಾಕಿದೆ. ಅಜ್ಜಿ ಅದೇ ಎರಡು ಲಡಿ ಹಿಡಿದು, ಆಚೆ ಈಚೆ ಹೊರಳಿಸಿದರು.

"ಹಾಂ, ಈಗ ಅಕ್ಕ-ತಂಗಿ ಬ್ಯಾರೆ ಬ್ಯಾರೆ ಆದ್ರು ನೋಡು."

ಬಾಗಿಲಲ್ಲಿ ಮಗ ನಿಂತಿದ್ದ.

"ಇದಕ್ಕ ಎಷ್ಟ ಜಾಸ್ತಿ ಆಗತೈತ್ರಿ?"