ಫೈರಿಂಗ್ ರೇಂಜ್ ಹಕ್ಕಿ ಮ್ಯಾಪ್: ಈ ಸಲ ಒಂದೇ ಒಂದು ಹೊಸ ಕಾಲಮ್

ಮ್ಯಾಪ್ ಕೆಲಸ ಒಂದು ಹಂತಕ್ಕೆ ಬಂದಿದೆ, ಅದಕ್ಕೇ ಬರೀತಿದೀನಿ. ಹೊಸದಾಗಿ ನೋಡ್ತಿರೋರಿಗೆ ಚುಟುಕಾಗಿ ಹೇಳ್ಬಿಡ್ತೀನಿ: ಸೈನ್ಯದವ್ರು ಟ್ರೇನಿಂಗಿಗೆ ಅಂತ ಇಟ್ಕೊಂಡಿರೋ ಜಾಗಗಳಲ್ಲಿ ಯಾವ್ಯಾವ ಹಕ್ಕಿ ಗೂಡು ಮಾಡುತ್ತೆ, ಆ ಗೂಡು ಟ್ಯಾಂಕಿನ ಅಡಿಗೆ ಹೋಗದೇ ಇರೋ ಹಾಗೆ ಅಲ್ಲಿ ಏನು ಮಾಡ್ತಾರೆ, ಇದನ್ನೆಲ್ಲ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಒಂದು ಮ್ಯಾಪ್ ಮೇಲೆ ಕೂರಿಸ್ತಿದೀನಿ. ರಜೆ ದಿನದ ಹುಚ್ಚು ಅಷ್ಟೇ, ಯಾರೂ ಮಾಡು ಅಂದಿಲ್ಲ.

ತಳದ ಲೇಯರ್ ಓಪನ್‌ಸ್ಟ್ರೀಟ್‌ಮ್ಯಾಪಿಂದು, ಅಲ್ಲಿ ಮಿಲಿಟರಿ ಅಂತ ಟ್ಯಾಗ್ ಆಗಿರೋ ಗಡಿಗಳನ್ನ ಎಳ್ಕೊಂಡಿದೀನಿ. ಅದರ ಮೇಲೆ ಸೆಂಟಿನೆಲ್-2 ಉಪಗ್ರಹದ ಚಿತ್ರ, 10 ಮೀಟರಿಗೆ ಒಂದು ಪಿಕ್ಸೆಲ್, ಮೋಡ ಇಲ್ದಿದ್ರೆ ಐದು ದಿನಕ್ಕೊಮ್ಮೆ ಹೊಸ ಚಿತ್ರ ಸಿಗುತ್ತೆ. ಅದರ ಮೇಲೆ ನಾಸಾದ ಫರ್ಮ್ಸ್ ಅನ್ನೋ ಬೆಂಕಿ ಡೇಟಾ. ಬೆಂಕಿ ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹಕ್ಕಿ ಡೇಟಾ ಮಾತ್ರ ವಿಚಿತ್ರವಾಗಿ ಕಾಣುತ್ತೆ. ರೇಂಜಿನ ಸುತ್ತಮುತ್ತ ಹಕ್ಕಿ ಕಂಡ ಜಾಗದ ಚುಕ್ಕೆಗಳು ಕಿಕ್ಕಿರಿದಿರ್ತವೆ, ಬೇಲಿ ಒಳಗೆ ಬಂದ ತಕ್ಷಣ ಬಟಾಬಯಲು. ಹಕ್ಕಿ ಇಲ್ಲ ಅಂತಲ್ಲ, ಬೈನಾಕ್ಯುಲರ್ ಹಿಡ್ಕೊಂಡು ಒಳಗೆ ಹೋಗೋ ಮನುಷ್ಯ ಇಲ್ಲ ಅಂತ ಅಷ್ಟೇ. ಹಾಗಾಗಿ ಒಳಗಿನ ಮಾಹಿತಿಗೆ ಸರ್ಕಾರಿ ವರದಿಗಳು, ಪ್ರಕಟ ಆಗಿರೋ ಅಧ್ಯಯನಗಳು, ಇವನ್ನೇ ನೆಚ್ಕೊಂಡಿದೀನಿ.

ಈಗ ಹೊಸ ಕಾಲಮ್ ವಿಷಯಕ್ಕೆ ಬರೋಣ. ಇಲ್ಲೀವರೆಗೆ ಪ್ರತಿ ಜಾಗಕ್ಕೂ ಪ್ರಭೇದ, ಗೂಡಿನ ತಿಂಗಳು, ಕಾನೂನು, ಇಷ್ಟು ಕಾಲಮ್ ಇದ್ವು. ಕಾನೂನು ಕಾಲಮ್ ಎಲ್ಲಾ ಕಡೆ ತುಂಬ್ಕೊಂಡಿತ್ತು, ಆದ್ರೆ ಅದನ್ನ ನೋಡಿ ಯಾವ ಜಾಗದಲ್ಲಿ ಹಕ್ಕಿ ನಿಜವಾಗ್ಲೂ ಉಳೀತಿದೆ ಯಾವ ಜಾಗದಲ್ಲಿ ಇಲ್ಲ ಅಂತ ಹೇಳೋಕೇ ಆಗ್ತಿರ್ಲಿಲ್ಲ. ರಾತ್ರಿ ಹೊತ್ತಲ್ಲಿ ಮೂವತ್ತು ಜನರ ತಂಡ ಕಾಡೊಳಗೆ ಹೋಗ್ತಿದೆ ಅಂದ್ರೆ ಅವ್ರ ಜೇಬಲ್ಲಿ ವನ್ಯಜೀವಿ ಕಾಯ್ದೆ ಇರಲ್ವಲ್ಲ. ಸೋ ಹೊಸ ಕಾಲಮಿನ ಹೆಸರು: ‘ಸೈನಿಕನ ಕಣ್ಣಿಗೆ ಏನು ಕಾಣುತ್ತೆ?’

ಫೋರ್ಟ್ ಬ್ರ್ಯಾಗ್, ನಾರ್ತ್ ಕೆರೊಲಿನಾ

ಕಾಲಮ್ ತುಂಬೋಕೆ ಅತಿ ಸುಲಭ ಆಗಿದ್ದು ಇದು. ಉತ್ತರ: ಮರದ ಸುತ್ತ ಬಳಿದ ಬಿಳಿ ಪಟ್ಟೆ.

ಇಲ್ಲಿರೋದು ರೆಡ್-ಕಾಕೇಡೆಡ್ ಅನ್ನೋ ಮರಕುಟಿಗ. ಇದರ ಹಠ ಕೇಳಿ. ಬೇರೆ ಮರಕುಟಿಗಗಳು ಸತ್ತ ಮೆತ್ತನೆ ಮರ ಹುಡುಕಿದ್ರೆ ಇದಕ್ಕೆ ಜೀವಂತ ಪೈನ್ ಮರಾನೇ ಬೇಕು, ಅದೂ ವಯಸ್ಸಾಗಿ ಒಳಗಿನ ತಿರುಳಿಗೆ ಶಿಲೀಂಧ್ರ ಹತ್ತಿರೋ ಮರ ಆದ್ರೆ ಇನ್ನೂ ಒಳ್ಳೇದು, ಒಂದು ಪೊಟರೆ ಕೊರೆಯೋಕೆ ವರ್ಷಗಟ್ಟಲೆ ತಗೊಳುತ್ತೆ. ಪೊಟರೆ ಸುತ್ತ ಸಣ್ಣ ಸಣ್ಣ ತೂತು ಕುಕ್ಕಿ ಅಂಟು ಸುರಿಯೋ ಹಾಗೆ ಮಾಡುತ್ತೆ, ಆ ಅಂಟು ಕಾಂಡದುದ್ದಕ್ಕೂ ಇಳಿದು ಉರಿದ ಮೇಣದಬತ್ತಿ ಥರ ಕಾಣುತ್ತೆ, ಮರ ಹತ್ತೋ ಹಾವಿಗೆ ಅದೇ ತಡೆ. ಇಂಥ ಮರ ಒಂದು ಉರುಳಿದ್ರೆ ನಾಳೆ ಇನ್ನೊಂದು ಮಾಡ್ಕೊಳ್ಳುತ್ತೆ ಬಿಡು ಅನ್ನೋ ಹಾಗಿಲ್ಲ.

ಇನ್ನೊಂದು ಅಂದ್ರೆ ಬೆಂಕಿ. ಲಾಂಗ್‌ಲೀಫ್ ಪೈನ್ ಕಾಡಿಗೆ ಕೆಲವು ವರ್ಷಕ್ಕೊಮ್ಮೆ ನೆಲಬೆಂಕಿ ಬೇಕೇ ಬೇಕು, ಇಲ್ದಿದ್ರೆ ಓಕ್ ಗಿಡಗಳು ಕೆಳಗಿಂದ ಎದ್ದು ಪೊಟರೆ ಎತ್ತರಕ್ಕೆ ಬರ್ತವೆ, ಹಕ್ಕಿ ಜಾಗ ಬಿಟ್ಟು ಹೋಗುತ್ತೆ. ಬೇರೆ ಕಡೆಯೆಲ್ಲ ಬೆಂಕಿ ಆರಿಸಿ ಆರಿಸಿ ಕಾಡು ಹಾಳಾಯ್ತು, ಸೈನ್ಯದ ಜಾಗದಲ್ಲಿ ಶೆಲ್ ಬಿದ್ದು ಬಿದ್ದು ಬೆಂಕಿ ಹತ್ತಿ ಕಾಡು ಉಳೀತು. ಫರ್ಮ್ಸ್ ಲೇಯರ್ ಹಾಕಿದ್ದೇ ಇದಕ್ಕೆ. ಆದ್ರೆ ಒಂದು ಮಿತಿ ಇದೆ, ಅದರ ಪಿಕ್ಸೆಲ್ 375 ಮೀಟರು, ಆ ಚುಕ್ಕೆ ಶೆಲ್ ಬೆಂಕಿದೋ ಅರಣ್ಯದವ್ರು ಬೇಕಂತ ಹಚ್ಚಿದ್ದೋ ಅಂತ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಎರಡಕ್ಕೂ ಒಂದೇ ಬಣ್ಣ ಕೊಟ್ಟು ‘ಬೆಂಕಿ’ ಅಂತ ಮಾತ್ರ ಬರೆದಿದೀನಿ.

1990ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ಇಲ್ಲಿನ ಟ್ರೇನಿಂಗ್ ಈ ಹಕ್ಕಿಯ ಅಸ್ತಿತ್ವಕ್ಕೇ ಕುತ್ತು ಅಂತ ಅಭಿಪ್ರಾಯ ಕೊಡ್ತು. ನಿರ್ಬಂಧ ಬಂತು, ಸೈನ್ಯಕ್ಕೆ ಸಿಟ್ಟೂ ಬಂತು. ಪೊಟರೆ ಮರದಿಂದ 200 ಅಡಿ, ಅಂದ್ರೆ ಸುಮಾರು 60 ಮೀಟರ್ ದೂರದವರೆಗಿನ ಜಾಗ ಹಕ್ಕಿಗೆ ಮೀಸಲು. 1996ರ ಸೇನಾ ನಿಯಮದಲ್ಲಿ ಇದನ್ನ ಬಿಡಿಸಿ ಹೇಳಿದ್ರು: ಅಲ್ಲಿ ಟೆಂಟ್ ಹಾಕಂಗಿಲ್ಲ, ಗುಂಡಿ ತೋಡಂಗಿಲ್ಲ, ಎರಡು ಗಂಟೆಗಿಂತ ಜಾಸ್ತಿ ಕೂರಂಗಿಲ್ಲ, ಆದ್ರೆ ನಡ್ಕೊಂಡು ದಾಟಿ ಹೋಗ್ಬಹುದು. ನನಗೆ ಇಷ್ಟ ಆಗಿದ್ದು ಈ ಕೊನೇ ಭಾಗ. ‘ಬರಲೇಬೇಡ’ ಅನ್ನೋ ನಿಯಮಾನ ಎಲ್ರೂ ಮುರೀತಾರೆ, ‘ಬಾ, ದಾಟು, ಕೂರಬೇಡ’ ಅನ್ನೋದನ್ನ ಪಾಲಿಸೋದು ಸುಲಭ, ಅದೂ ಕತ್ತಲಲ್ಲೂ ಕಾಣೋ ಬಿಳಿ ಪಟ್ಟೆ ಇದ್ರೆ. ಜೊತೆಗೆ ಕಾಂಡದಲ್ಲಿ ಚೌಕಾಕಾರದ ಗೂಡು ಕೊರೆದು ರೆಡಿಮೇಡ್ ಮರದ ಪೆಟ್ಟಿಗೆ ಕೂರಿಸೋ ವಿಧಾನ (1989ರ ಹ್ಯೂಗೋ ಚಂಡಮಾರುತ ಆದ್ಮೇಲೆ ಚಾಲ್ತಿಗೆ ಬಂದಿದ್ದು) ಇಲ್ಲೂ ಬಳಸಿದ್ರು. 1995ರಿಂದ ಬೇಲಿ ಹೊರಗಿನ ಖಾಸಗಿ ಪೈನ್ ಜಮೀನನ್ನೂ ಉಳಿಸೋ ಕೆಲಸ ಶುರುವಾಯ್ತು, ಎಲ್ಲಾ ಭಾರ ರೇಂಜ್ ಮೇಲೇ ಬೀಳಬಾರದು ಅಂತ. 2006ರ ಹೊತ್ತಿಗೆ ಇಲ್ಲಿಗೆ ಇಟ್ಟಿದ್ದ ಚೇತರಿಕೆ ಗುರಿ ಮುಟ್ಟಿದ್ರು, 2024ರಲ್ಲಿ ಈ ಪ್ರಭೇದಾನ ಒಟ್ಟಾರೆ ‘ಅಳಿವಿನಂಚು’ ಪಟ್ಟಿಯಿಂದ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಆತಂಕದ ‘ಅಪಾಯದಲ್ಲಿರೋದು’ ಅನ್ನೋ ವರ್ಗಕ್ಕೆ ಇಳಿಸಿದ್ರು.

ಸ್ಯಾಲಿಸ್‌ಬರಿ ಬಯಲು, ಇಂಗ್ಲೆಂಡ್

ಅತಿ ಹೆಚ್ಚು ಹೊತ್ತು ಹಿಡಿದಿದ್ದು ಇದೇ, ಮಜಾ ಬಂದಿದ್ದೂ ಇಲ್ಲೇ. ಸುಮಾರು 38,000 ಹೆಕ್ಟೇರ್, ಬ್ರಿಟಿಷ್ ಸೈನ್ಯ 1897ರಿಂದ ಕೊಳ್ತಾ ಬಂದ ಜಾಗ. ಮಧ್ಯದಲ್ಲಿದ್ದ ಇಂಬರ್ ಅನ್ನೋ ಹಳ್ಳಿಯವ್ರನ್ನ 1943ರಲ್ಲಿ ಎಬ್ಬಿಸಿ ಕಳಿಸಿದ್ರು, ವಾಪಸ್ ಬಿಡಲೇ ಇಲ್ಲ. ಅದನ್ನ ಮರೆತು ‘ಸೈನ್ಯ ಬಂತು, ಪ್ರಕೃತಿ ಉಳೀತು’ ಅಂತ ಹಾಡಿ ಹೊಗಳೋದು ನನಗೆ ಸರಿ ಕಾಣಲ್ಲ. ಆದ್ರೆ ಹೊರಗಿನ ಸುಣ್ಣಕಲ್ಲಿನ ಹುಲ್ಲುಗಾವಲೆಲ್ಲ ನೇಗಿಲು ಗೊಬ್ಬರಕ್ಕೆ ಸಿಕ್ಕಿ ಹೋದಾಗ ಇಲ್ಲಿ ಉಳಿದಿದ್ದು ಮಾತ್ರ ನಿಜ, ವಾಯವ್ಯ ಯುರೋಪಿನಲ್ಲಿ ಈ ಥರದ ಹುಲ್ಲುಗಾವಲಿನ ಅತಿ ದೊಡ್ಡ ತುಂಡು ಇದೇ.

ಹಕ್ಕಿ ಕಲ್ಲುಗೊರವ. ಹಳದಿ ದೊಡ್ಡ ಕಣ್ಣು, ರಾತ್ರಿ ಓಡಾಟ, ಹಗಲು ನೆಲಕ್ಕೆ ಅಂಟ್ಕೊಂಡು ಕೂರೋದು. ಗೂಡು ಅಂತ ಕಟ್ಟೋದೇ ಇಲ್ಲ, ಬರೀ ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಎರಡು ಮೊಟ್ಟೆ, ಸುತ್ತಲಿನ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯಲ್ಲ. ಇಂಥದ್ದನ್ನ ಟ್ಯಾಂಕ್ ಓಡಿಸೋನು ಹೇಗಪ್ಪ ನೋಡ್ತಾನೆ?

ಉತ್ತರ ಸೆಂಟಿನೆಲ್ ಚಿತ್ರದಲ್ಲೇ ಸಿಕ್ತು. ಈ ಹಕ್ಕಿಗೆ ಅಂತಾನೇ ಹುಲ್ಲಿನ ಮಧ್ಯೆ ಒಂದೆರಡು ಹೆಕ್ಟೇರಿನ ತುಂಡುಗಳನ್ನ ಕೆರೆದು ಬೋಳು ಮಾಡಿಡ್ತಾರೆ, ಮಾರ್ಚ್ ಕೊನೆಗೆ ಹಕ್ಕಿ ಬರೋ ಮುಂಚೆ. ಎರಡು ಹೆಕ್ಟೇರ್ ಅಂದ್ರೆ 200 ಪಿಕ್ಸೆಲ್. ಅಡಿಯಲ್ಲಿ ಸುಣ್ಣಕಲ್ಲು ಇರೋದ್ರಿಂದ ಕೆರೆದ ನೆಲ ಬೆಳ್ಳಗೆ ಹೊಡೆಯುತ್ತೆ, ಹಸಿರು ಹುಲ್ಲಿನ ಮೇಲೆ ಝೂಮ್ ಮಾಡಿದ್ರೆ ಚಚ್ಚೌಕ ಬಿಳಿ ತುಂಡು. ಅಂದ್ರೆ ಹಕ್ಕಿಗೆ ಇಷ್ಟ ಆಗೋ ಗುಣಾನೇ, ಆ ಬೋಳು ಬಿಳಿ ನೆಲಾನೇ, ದೂರದಿಂದ ಡ್ರೈವರಿಗೂ ಗುರುತು. ಬೇರೆ ಬೋರ್ಡ್ ಹಾಕದೇ ಇದ್ರೂ ನೆಲಾನೇ ಬೋರ್ಡು. ಅದೇ ಬೇಸಿಗೆ ಏರ್ತಾ ಏರ್ತಾ ಕಳೆ ಬೆಳೆದು ತುಂಡು ಹಸಿರಾದ್ರೆ ಹಕ್ಕಿಗೂ ಬೇಡ, ಡ್ರೈವರಿಗೂ ಕಾಣಲ್ಲ. ಹಸಿರು ಸೂಚ್ಯಂಕದ (ಉಪಗ್ರಹ ಚಿತ್ರದಲ್ಲಿ ಗಿಡ ಹುಲ್ಲು ಎಷ್ಟಿದೆ ಅಂತ ಹೇಳೋ ಅಂಕಿ) ಗ್ರಾಫ್ ಹಾಕಿ ಯಾವ ತಿಂಗಳಲ್ಲಿ ಬಿಳಿ ಹೋಗಿ ಹಸಿರು ಬರುತ್ತೆ ಅಂತ ನೋಡ್ತಿದೀನಿ, ಈ ಹಕ್ಕಿ ಆಗಸ್ಟ್‌ವರೆಗೂ ಮೊಟ್ಟೆ ಮರಿ ಅಂತ ಇರುತ್ತಲ್ಲ, ಅಲ್ಲೀವರೆಗೂ ಬಿಳಿ ಉಳೀಬೇಕು.

ಇನ್ನೊಂದು ವಿಷಯ ಓದಿ ತುಂಬಾ ಖುಷಿಯಾಯ್ತು. ಈ ಬಯಲಲ್ಲೇ ಮಾಡಿದ ಅಧ್ಯಯನದ ಪ್ರಕಾರ ಕಲ್ಲುಗೊರವ ವಾಹನಕ್ಕಿಂತ ಜಾಸ್ತಿ ಬೆದರೋದು ನಾಯಿ ಹಿಡ್ಕೊಂಡು ನಡೆಯೋ ಮನುಷ್ಯನಿಗೆ, ಅದೂ ಕೆಲವೊಮ್ಮೆ 300 ಮೀಟರಿಗಿಂತ ದೂರ ಇರುವಾಗ್ಲೇ ಎದ್ದು ಹೋಗುತ್ತೆ. ಫಿರಂಗಿ ಜಾಗದಲ್ಲಿ ಹಕ್ಕಿಗೆ ದೊಡ್ಡ ತಲೆನೋವು ವಾಕಿಂಗ್ ಹೋಗೋರು! ಇದಾದ್ಮೇಲೆ ಸಾರ್ವಜನಿಕ ಕಾಲುದಾರಿಗಳ ಲೇಯರ್ ಕೂಡ ಸೇರಿಸಿ ದಾರಿಯ ಎರಡೂ ಕಡೆ 300 ಮೀಟರ್ ಬಫರ್, ಅಂದ್ರೆ ಅಷ್ಟು ಅಗಲದ ಪಟ್ಟಿ ಹಾಕ್ದೆ, ಮ್ಯಾಪ್ ಪೂರ್ತಿ ಬೇರೆ ಥರ ಓದ್ಕೊಳ್ತು.

ಟ್ಯಾಂಕ್ ಚಕ್ರದ ಹಳ್ಳಗಳ ಬಗ್ಗೆ ಒಂದು ಮಾತು. ಮಳೆನೀರು ನಿಂತ ಆ ಹಳ್ಳಗಳಲ್ಲಿ ಫೇರಿ ಶ್ರಿಂಪ್ ಅನ್ನೋ ಸಣ್ಣ ಜೀವಿ ಇರುತ್ತೆ, ಅದರ ಮೊಟ್ಟೆ ನೀರು ಬತ್ತಿದ್ರೂ ಕೆಸರಲ್ಲಿ ಒಣಗ್ಕೊಂಡು ಬದುಕಿರುತ್ತೆ, ಟ್ಯಾಂಕಿಗೆ ಮೆತ್ತಿದ ಕೆಸರಿನ ಜೊತೆ ಮುಂದಿನ ಹಳ್ಳಕ್ಕೆ ಸವಾರಿ ಹೋಗುತ್ತೆ. ಹಕ್ಕಿ ಅಲ್ಲ, ಮ್ಯಾಪಿಗೆ ಸೇರಲ್ಲ, ಆದ್ರೂ ಬರೀದೇ ಇರೋಕಾಗ್ಲಿಲ್ಲ. ಬ್ರಿಟನ್ನಲ್ಲಿ 1832ರ ಹೊತ್ತಿಗೆ ಅಳಿದುಹೋಗಿದ್ದ ಗ್ರೇಟ್ ಬಸ್ಟರ್ಡ್ ಹಕ್ಕೀನ 2004ರಿಂದ ಮತ್ತೆ ಬಿಟ್ಟಿದ್ದೂ ಇದೇ ಬಯಲಿಗೆ.

ಪೋಖ್ರಾನ್, ರಾಜಸ್ಥಾನ

ಕಾಲಮ್ ಇಲ್ಲಿ ಖಾಲಿ ಬಿಟ್ಟಿದೀನಿ. ಬೇಕಂತಾನೇ. ಎರ್ಲಡ್ಡು, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಬಯಲಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡೋದು, ಅದಕ್ಕೆ ಪಟ್ಟೆ ಬಳಿಯೋಕೆ ಮರ ಇಲ್ಲ, ವರ್ಷ ವರ್ಷ ಅದೇ ಜಾಗ ಅಂತ ಗ್ಯಾರಂಟೀನೂ ಇಲ್ಲ. 2019ರಿಂದ ಬಯಲಿನ ಕೆಲವು ಮೊಟ್ಟೆ ತಂದು ಜೈಸಲ್ಮೇರ್ ಜಿಲ್ಲೆಯ ಸಂವರ್ಧನಾ ಕೇಂದ್ರದಲ್ಲಿ ಮರಿ ಮಾಡಿಸ್ತಿದಾರೆ, ಅದು ಒಂದು ದಾರಿ. ಆದ್ರೆ ಈ ಹಕ್ಕಿಯ ದೊಡ್ಡ ಶತ್ರು ಶೆಲ್ ಅಲ್ಲ, ವಿದ್ಯುತ್ ತಂತಿ. ಕಣ್ಣು ತಲೆಯ ಪಕ್ಕದಲ್ಲಿರೋದ್ರಿಂದ ನೇರ ಎದುರಿಗಿರೋ ತಂತಿ ಸರಿಯಾಗಿ ಕಾಣಲ್ಲ, ದೇಹ ಭಾರ, ಕಂಡ್ರೂ ಗಕ್ಕನೆ ತಿರುಗೋಕಾಗಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನ ನೆಲದಡಿಗೆ ಹಾಕಿ ಅಂತ ಆದೇಶ ಕೊಡ್ತು, 2024ರಲ್ಲಿ ಅದನ್ನ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸ್ತು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೇನೇ ಬೇರೆ, ಸೈನಿಕನ ಕಣ್ಣಿಗೆ ಏನು ಕಾಣುತ್ತೆ ಅನ್ನೋದಲ್ಲ, ಹಕ್ಕಿ ಕಣ್ಣಿಗೆ ಏನು ಕಾಣುತ್ತೆ ಅನ್ನೋದು. ತಂತಿ ಮೇಲೆ ನೇತುಹಾಕೋ ರಿಫ್ಲೆಕ್ಟರ್‌ಗಳನ್ನ ಈ ಸಾಲಿಗೆ ಪ್ರತ್ಯೇಕವಾಗಿ ಸೇರಿಸ್ತೀನಿ.

ಫರಾಲಾನ್ ದೆ ಮೆದಿನಿಲಾ

ಪೆಸಿಫಿಕ್‌ನಲ್ಲಿ ಸೈಪಾನ್ ದ್ವೀಪದ ಉತ್ತರಕ್ಕಿರೋ ಪುಟ್ಟ ದ್ವೀಪ, ಅಮೆರಿಕದ ನೌಕಾಪಡೆ ಬಾಂಬ್ ಹಾಕಿ ಅಭ್ಯಾಸ ಮಾಡೋ ಜಾಗ, ಕಡಲಹಕ್ಕಿಗಳ ಗೂಡಿನ ಜಾಗಾನೂ ಹೌದು. 2002ರಲ್ಲಿ ಕೋರ್ಟ್ ಇದು ವಲಸೆ ಹಕ್ಕಿ ಕಾಯ್ದೆಯ ಉಲ್ಲಂಘನೆ ಅಂತು, ಅದೇ ವರ್ಷ ಅಮೆರಿಕದ ಸಂಸತ್ತು ಸೇನಾ ಸಿದ್ಧತೆಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಬಿಡ್ತು. ಕಾನೂನು ಕಾಲಮ್ ನೋಡ್ಕೊಂಡು ನಂಬಬೇಡಿ ಅಂತ ನಾನು ಹೇಳೋದು ಇದಕ್ಕೇ.

ಫೈಲ್ ಹಂಚೋ ವಿಷಯ ಕೇಳಿದೋರಿಗೆ: ಮ್ಯಾಪ್ ಹಂಚ್ತೀನಿ, ಆದ್ರೆ ಗೂಡಿನ ತುಂಡುಗಳ ನಿಖರ ಜಾಗ ಕೊಡಲ್ಲ. ಎಲ್ಲಾ ಬಿಂದುಗಳನ್ನೂ ಯಾವ 10 ಕಿಲೋಮೀಟರ್ ಚೌಕದಲ್ಲಿದೆ ಅನ್ನೋಷ್ಟು ಮಾತ್ರ ತೋರಿಸಿದೀನಿ. ಮೊಟ್ಟೆ ಕದಿಯೋ ಹುಚ್ಚರು ಇನ್ನೂ ಇದಾರೆ, ಫೋಟೋಗೋಸ್ಕರ ಗೂಡಿನ ಪಕ್ಕ ಮಲಗೋರು ಅವ್ರಿಗಿಂತ ಜಾಸ್ತಿ ಇದಾರೆ, ಮತ್ತೆ ಸೈನ್ಯದ ಜಾಗದ ಒಳವಿವರ ಮೀಟರ್ ಲೆಕ್ಕದಲ್ಲಿ ಇಡೋದು ಯಾವ ದೇಶದಲ್ಲೂ ಜಾಣತನ ಅಲ್ಲ.

ಮುಂದಿನ ಸರದಿ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ದ್ವೀಪ. ನೌಕಾಪಡೆ ಗುಂಡು ಹೊಡೆಯೋ ಜಾಗ ಅದು, ಆದ್ರೆ ಅಲ್ಲಿನ ಕಳಿಂಗ ಹಕ್ಕಿಯ ಉಪಪ್ರಭೇದಾನ ಅಳಿವಿನಂಚಿಗೆ ತಂದಿದ್ದರಲ್ಲಿ ದೊಡ್ಡ ಪಾಲು ಮೇಕೆಗಳದ್ದು, ಪೊದೆಯೆಲ್ಲ ಮೇಯ್ದು ಗೂಡಿಗೆ ಜಾಗಾನೇ ಇಲ್ದಂಗೆ ಮಾಡಿದ್ವು. 1990ರ ದಶಕದ ಆರಂಭಕ್ಕೆ ಮೇಕೆಗಳನ್ನ ಪೂರ್ತಿ ತೆಗೆದ್ರು. ಪೊದೆ ವಾಪಸ್ ಬಂದಿದ್ದನ್ನ ನೋಡೋಕೆ ಸೆಂಟಿನೆಲ್ ಸಾಲಲ್ಲ, ಅದು ಶುರುವಾಗಿದ್ದೇ 2015ರಲ್ಲಿ, ಹಾಗಾಗಿ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೇ ಚಿತ್ರಗಳನ್ನ ಇಳಿಸ್ಕೊಳ್ತಿದೀನಿ, 30 ಮೀಟರ್ ಪಿಕ್ಸೆಲ್ಲಲ್ಲಿ ಪೊದೆ ಎಷ್ಟು ಕಾಣುತ್ತೋ ನೋಡ್ಬೇಕು.